ಜರ್ಮನಿಯಲ್ಲಿ ಓದುವವರ ವಸಂತ ರಜೆ: ಮೊದಲು ಕಾರ್ಡು ನೋಡಿ, ಆಮೇಲೆ ಊರು ಆರಿಸಿ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠಗಳು ಫೆಬ್ರವರಿ ಮಧ್ಯದ ಹೊತ್ತಿಗೆ ಮುಗಿಯುತ್ತವೆ. ಬೇಸಿಗೆ ಸೆಮಿಸ್ಟರಿನ ಪಾಠ ಶುರುವಾಗುವುದು ಏಪ್ರಿಲ್ ಮಧ್ಯಕ್ಕೆ. ನಡುವೆ ಸಿಗುವ ಬಿಡುವಿನಲ್ಲಿ ಯುರೋಪು ಸುತ್ತಬೇಕೆಂಬ ಆಸೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೋದ ಎಲ್ಲ ಹುಡುಗ ಹುಡುಗಿಯರಿಗೂ ಇರುತ್ತದೆ. ಹೆಚ್ಚಿನವರು ಶುರು ಮಾಡುವುದು ಅಗ್ಗದ ವಿಮಾನ ಹುಡುಕುವುದರಿಂದ. ಶುರು ಮಾಡಬೇಕಾದ ಜಾಗ ಬೇರೆಯೇ ಇದೆ: ನಿಮ್ಮ ಪರ್ಸಿನಲ್ಲಿರುವ ರೆಸಿಡೆನ್ಸ್ ಪರ್ಮಿಟ್ ಕಾರ್ಡು. ಯಾವ ದೇಶಕ್ಕೆ ಹೋಗಬಹುದು, ಯಾವಾಗ ಹೋಗಬಹುದು, ಯಾವ ಮ್ಯೂಸಿಯಂ ನಿಮಗೆ ಪುಕ್ಕಟೆ, ಇವೆಲ್ಲವೂ ಆ ಕಾರ್ಡಿನಿಂದಲೇ ತೀರ್ಮಾನವಾಗುತ್ತವೆ. ಆದ್ದರಿಂದ ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಹೆಜ್ಜೆ 1: ನಿಜವಾಗಿ ಬಿಡುವು ಎಷ್ಟಿದೆ ಎಂದು ಲೆಕ್ಕ ಹಾಕಿ

ಜರ್ಮನಿಯಲ್ಲಿ ಇದನ್ನು ರಜೆ ಎನ್ನದೆ ಪಾಠವಿಲ್ಲದ ಅವಧಿ ಎಂದೇ ಕರೆಯುತ್ತಾರೆ, ಯಾಕೆಂದರೆ ಪರೀಕ್ಷೆಗಳು ಇದೇ ಅವಧಿಯಲ್ಲಿ ಹರಡಿಕೊಂಡಿರುತ್ತವೆ. ಒಂದು ಪರೀಕ್ಷೆ ಫೆಬ್ರವರಿ ಮೂರನೇ ವಾರ, ಇನ್ನೊಂದು ಮಾರ್ಚ್ ನಡುವೆ, ಫೇಲಾದರೆ ಮರುಪರೀಕ್ಷೆ ಮಾರ್ಚ್ ಕೊನೆಗೆ ಅಥವಾ ಏಪ್ರಿಲ್ ಮೊದಲಿಗೆ. ಕೊನೆಯ ಪರೀಕ್ಷೆಯ ಮರುದಿನವೇ ಹೊರಡುವ ಟಿಕೆಟ್ ತೆಗೆಯಬೇಡಿ. ಎರಡು ದಿನ ನಿದ್ದೆ ಮಾಡಿ, ಬಟ್ಟೆ ಒಗೆದು ಹೊರಡಿ.

ನೀವು ಓದುತ್ತಿರುವುದು ಹೊಖ್‌ಶೂಲೆಯಲ್ಲಾದರೆ, ಅಂದರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಾದರೆ, ಲೆಕ್ಕ ಬದಲಾಗುತ್ತದೆ. ಅಲ್ಲಿ ಬೇಸಿಗೆ ಸೆಮಿಸ್ಟರ್ ಮಾರ್ಚ್‌ನಲ್ಲೇ ಶುರು, ಪಾಠಗಳೂ ಸಾಮಾನ್ಯವಾಗಿ ಮಾರ್ಚ್ ಮಧ್ಯಕ್ಕೇ ಆರಂಭ. ವಿಶ್ವವಿದ್ಯಾಲಯದ ಗೆಳೆಯರ ಜೊತೆ ಏಪ್ರಿಲ್‌ಗೆ ಪ್ರವಾಸ ಹಾಕಿಕೊಳ್ಳುವ ಮುಂಚೆ ನಿಮ್ಮ ಕ್ಯಾಲೆಂಡರನ್ನು ನೀವೇ ನೋಡಿ. ಮುಂದಿನ ಸೆಮಿಸ್ಟರಿನ ಮರುನೋಂದಣಿ ಶುಲ್ಕ ಕಟ್ಟುವ ಕೊನೆಯ ದಿನಾಂಕವೂ ಬಹುಪಾಲು ಕಡೆ ಈ ರಜೆಗೆ ಮುಂಚೆಯೋ ರಜೆಯಲ್ಲೋ ಬರುತ್ತದೆ. ಅದು ತಪ್ಪಿದರೆ ಹೆಸರು ಪಟ್ಟಿಯಿಂದಲೇ ಹೋಗುವ ಅಪಾಯವಿದೆ, ಹೆಸರು ಹೋದರೆ ಪರ್ಮಿಟ್ಟಿಗೂ ಕುತ್ತು. ಹಾಗಾಗಿ ಹೊರಡುವ ಮುಂಚೆಯೇ ಕಟ್ಟಿಬಿಡಿ.

ಈಸ್ಟರ್ ಯಾವಾಗ ಎಂಬುದನ್ನೂ ಗುರುತು ಹಾಕಿಕೊಳ್ಳಿ. 2027ರಲ್ಲಿ ಅದು ಮಾರ್ಚ್ 28ಕ್ಕೆ. ಶುಕ್ರವಾರ, ಭಾನುವಾರ, ಸೋಮವಾರ ಜರ್ಮನಿಯ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ರೈಲುಗಳು ತುಂಬಿರುತ್ತವೆ, ಹಾಸ್ಟೆಲ್ ದರ ಏರಿರುತ್ತದೆ. ಆ ಭಾನುವಾರವೇ ಯುರೋಪಿನ ಗಡಿಯಾರವೂ ಮುಂದಕ್ಕೆ ಹೋಗುತ್ತದೆ: ನಸುಕಿನ 2 ಗಂಟೆ ನೇರವಾಗಿ 3 ಆಗುತ್ತದೆ. ಅವತ್ತು ರಾತ್ರಿ ಬಸ್ಸಿನಲ್ಲಿರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಸಾಧ್ಯವಾದರೆ ಈಸ್ಟರ್ ವಾರವನ್ನೇ ಬಿಟ್ಟು ಹೋಗಿ. ಯುಗಾದಿ 2027ರಲ್ಲಿ ಏಪ್ರಿಲ್ 7ಕ್ಕೆ ಬರುತ್ತದೆ. ಅಷ್ಟರೊಳಗೆ ವಾಪಸಾದರೆ ಫ್ರಾಂಕ್‌ಫರ್ಟ್ ಕಡೆಯ ರೈನ್ ಮೈನ್ ಕನ್ನಡ ಸಂಘವೋ ಮ್ಯೂನಿಕ್‌ನ ಸಿರಿಗನ್ನಡಕೂಟವೋ ಹಬ್ಬ ಮಾಡುತ್ತಿದ್ದರೆ ಹೋಳಿಗೆ ತಿನ್ನಬಹುದು.

ಹೆಜ್ಜೆ 2: ಕಾರ್ಡಿನ ಮೇಲಿನ ದಿನಾಂಕ ಓದಿ

ಇಲ್ಲಿ ಆತುರ ಬೇಡ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡು ಮತ್ತು ಊರ್ಜಿತವಾಗಿರುವ ಪಾಸ್‌ಪೋರ್ಟು, ಎರಡೂ ನಿಮ್ಮ ಬಳಿ ಇದ್ದರೆ ಒಳಗಡಿಗಳನ್ನು ಪರಸ್ಪರ ತೆರೆದಿಟ್ಟಿರುವ ಉಳಿದ ಶೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಅಲ್ಲೆಲ್ಲ ಇರಬಹುದು. ಜರ್ಮನಿಯೊಳಗೆ ಇದ್ದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಡು ಇನ್ನೂ ಬಂದಿಲ್ಲ, ಆದರೆ ಭಾರತದಿಂದ ತಂದ, ದೀರ್ಘ ವಾಸಕ್ಕೆ ಕೊಡುವ ಡಿ ವೀಸಾ ಊರ್ಜಿತವಾಗಿದೆ ಎಂದಾದರೂ ಇದೇ ನಿಯಮ.

ತೊಡಕು ಎಲ್ಲಿದೆ ಎಂದರೆ, ಅಕ್ಟೋಬರ್‌ನಲ್ಲಿ ಬಂದಿಳಿದ ಹೊಸಬರ ಡಿ ವೀಸಾ ಕೆಲವೇ ತಿಂಗಳಿನದಾಗಿರುತ್ತದೆ. ಅದು ಮುಗಿಯುವುದೂ ಈ ರಜೆ ಬರುವುದೂ ಒಟ್ಟಿಗೇ. ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ಸಮಯ, ಸಿಕ್ಕ ಮೇಲೆ ಕಾರ್ಡು ಮುದ್ರಣವಾಗಿ ಬರಲು ಮತ್ತೆ ಕೆಲವು ವಾರ. ನಡುವಿನ ಅವಧಿಗೆ ಕಚೇರಿಯವರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಮಡಚಿದ ಹಸಿರು ಕಾಗದ ಕೊಡುತ್ತಾರೆ. ಅದು ನೀವು ಜರ್ಮನಿಯಲ್ಲಿ ಇರುವುದು ಕಾನೂನುಬದ್ಧ ಎನ್ನುತ್ತದೆ. ಆ ಕಾಗದವೊಂದನ್ನೇ ನಂಬಿ ಪ್ಯಾರಿಸ್‌ಗೋ ಪ್ರಾಗ್‌ಗೋ ಹೊರಡಬೇಡಿ. ಹೋಗಲೇಬೇಕಾದರೆ ನಿಮ್ಮ ಕಚೇರಿಗೆ ಇಮೇಲ್ ಬರೆದು, ಲಿಖಿತ ಉತ್ತರ ಬಂದ ಮೇಲೆ ಟಿಕೆಟ್ ತೆಗೆಯಿರಿ. ಇಲ್ಲವಾದರೆ ಈ ಸಲ ಜರ್ಮನಿಯೊಳಗೇ ಸುತ್ತಿ. ನಾಲ್ಕನೇ ಹೆಜ್ಜೆಯಲ್ಲಿ ಹೇಳುವ ಬಾಸ್ಟೈ ಬಂಡೆಗಳು ಜರ್ಮನಿಯಲ್ಲೇ ಇವೆ, ಅವಕ್ಕೆ ಯಾವ ಕಾಗದವೂ ಬೇಡ.

ಹೆಜ್ಜೆ 3: ದೇಶಗಳ ಪಟ್ಟಿ ಮಾಡಿ

ಶೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಕ್ರೊಯೇಷಿಯಾ 2023ರಲ್ಲಿ ಸೇರಿತು, ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿಯಲ್ಲಿ ಪೂರ್ತಿ ಒಳಬಂದವು. ಹಳೆಯ ಸಲಹೆ ಓದಿ ಈ ಮೂರನ್ನು ಬಿಡಬೇಡಿ. ಸ್ವಿಟ್ಜರ್‌ಲೆಂಡ್ ಮತ್ತು ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಶೆಂಗೆನ್‌ನಲ್ಲಿವೆ. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ಶೆಂಗೆನ್‌ನಲ್ಲಿಲ್ಲ. ಲಂಡನ್‌ಗೆ ಬ್ರಿಟನ್ನಿನದೇ ವೀಸಾ ಬೇಕು, ಅದಕ್ಕೆ ಬೇರೆ ಶುಲ್ಕ, ಬೆರಳಚ್ಚು, ಕಾಯುವಿಕೆ. ಮೊದಲ ವಸಂತ ರಜೆಗೆ ಲಂಡನ್ ಹಚ್ಚಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ.

ಹೆಜ್ಜೆ 4: ಊರುಗಳನ್ನು ಒಂದೇ ದಾರಿಯಲ್ಲಿ ಪೋಣಿಸಿ

ಎಂಟು ದಿನದಲ್ಲಿ ಪ್ಯಾರಿಸ್, ರೋಮ್, ಬಾರ್ಸಿಲೋನಾ, ಆಮ್‌ಸ್ಟರ್‌ಡ್ಯಾಮ್ ಎಲ್ಲ ನೋಡುವ ಯೋಜನೆಗಳನ್ನು ಬಹಳ ಕಂಡಿದ್ದೇನೆ. ಅದರಲ್ಲಿ ಅರ್ಧ ದಿನಗಳು ವಿಮಾನ ನಿಲ್ದಾಣದಲ್ಲೇ ಕಳೆಯುತ್ತವೆ. ಅಗ್ಗದ ವಿಮಾನ ಇಳಿಯುವ ಜಾಗವನ್ನು ನಕ್ಷೆಯಲ್ಲಿ ನೋಡಿ: ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರ, ಪ್ಯಾರಿಸ್ ಹೆಸರಿನ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ಬಸ್ಸಿನ ದುಡ್ಡು, ಚೀಲದ ದುಡ್ಡು ಸೇರಿಸಿದರೆ ಅಗ್ಗ ಎಂದದ್ದು ಅಗ್ಗವಾಗಿ ಉಳಿಯುವುದಿಲ್ಲ. ಒಕ್ಕೂಟದ ಪಾಸ್‌ಪೋರ್ಟ್ ಇಲ್ಲದವರು ಸೆಕ್ಯುರಿಟಿಗೆ ಹೋಗುವ ಮುಂಚೆ ಕೌಂಟರಿನಲ್ಲಿ ದಾಖಲೆ ತೋರಿಸಬೇಕೆಂದು ಕೆಲವು ಅಗ್ಗದ ವಿಮಾನ ಕಂಪನಿಗಳು ಕಡ್ಡಾಯ ಮಾಡಿವೆ. ಆ ಸಾಲಿನಲ್ಲಿ ನಿಲ್ಲುವ ಸಮಯವನ್ನೂ ಸೇರಿಸಿಕೊಳ್ಳಿ.

ನಾನು ಹೊಸಬರಿಗೆ ಹೇಳುವುದು ರೈಲಿನ ಒಂದು ಸುತ್ತು: ಡ್ರೆಸ್ಡೆನ್, ಪ್ರಾಗ್, ವಿಯೆನ್ನಾ, ಸಾಲ್ಜ್‌ಬರ್ಗ್, ಮ್ಯೂನಿಕ್. ಒಂಬತ್ತು ಹತ್ತು ದಿನ ಇಟ್ಟುಕೊಳ್ಳಿ. ನೀವು ಎಲ್ಲೇ ಓದುತ್ತಿರಿ, ಜರ್ಮನಿಯಾದ್ಯಂತ ಪ್ರಾದೇಶಿಕ ರೈಲುಗಳಲ್ಲಿ ನಡೆಯುವ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಈ ಸುತ್ತಿನ ಎರಡು ತುದಿಗೂ ಪ್ರಾದೇಶಿಕ ರೈಲುಗಳಲ್ಲಿ ತಲುಪಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಆ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಆಗಿದೆ. ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಟಿಕೆಟ್ ಈಗ ಇದರದೇ ರಿಯಾಯಿತಿ ರೂಪ, ಶುಲ್ಕದ ಜೊತೆಗೇ ಬಂದಿರುತ್ತದೆ. ಬೇರೆ ಕೊಳ್ಳುವ ಮುಂಚೆ ನಿಮ್ಮ ಬಳಿ ಆಗಲೇ ಇದೆಯೇ ನೋಡಿ. ಐಸಿಇ, ಐಸಿ, ಇಸಿ ಎಂಬ ದೂರದ ವೇಗದ ರೈಲುಗಳಿಗೆ ಮಾತ್ರ ಅದು ನಡೆಯುವುದಿಲ್ಲ.

ಡ್ರೆಸ್ಡೆನ್‌ನಲ್ಲಿ ಒಂದು ಇಡೀ ದಿನವನ್ನು ಹತ್ತಿರದ ಬಂಡೆಗಳ ಬೆಟ್ಟಸೀಮೆ ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್‌ಗೆ ಕೊಡಿ. ಎಸ್1 ಲೋಕಲ್ ರೈಲು ಎಲ್ಬೆ ನದಿಯ ದಡಕ್ಕೇ ಅಂಟಿಕೊಂಡು ಹೋಗುತ್ತದೆ. ಕುರೋರ್ಟ್ ರಾಟನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದು, ದೋಣಿಯಲ್ಲಿ ನದಿ ದಾಟಿ, ಕಾಡಿನ ಮೆಟ್ಟಿಲು ಹತ್ತಿದರೆ ಬಾಸ್ಟೈ ಸೇತುವೆ. ಮರಳುಗಲ್ಲಿನ ಕಂಬಗಳಂಥ ಬಂಡೆಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅದು. ಕಟಕಟೆ ಹಿಡಿದು ಬಗ್ಗಿದರೆ ಬಹಳ ಕೆಳಗೆ ನದಿ, ಆಚೆ ದಡದಲ್ಲಿ ನೀವು ಬಂದ ರೈಲು ಹಳಿ. ಬಾದಾಮಿಯ ಬಂಡೆಗಳನ್ನು ಹತ್ತಿದವರಿಗೆ ಈ ಕಲ್ಲು ಅಪರಿಚಿತ ಅನ್ನಿಸುವುದಿಲ್ಲ, ಅದೂ ಮರಳುಗಲ್ಲೇ. ಮಾರ್ಚ್‌ನಲ್ಲಿ ಮೆಟ್ಟಿಲುಗಳ ಮೇಲೆ ಬೆಳಿಗ್ಗೆ ಮಂಜುಗಡ್ಡೆ ಇರಬಹುದು, ಹಿಡಿತವಿರುವ ಬೂಟು ಹಾಕಿ.

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಇಸಿ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಗಡಿಯವರೆಗೂ ನದಿ ಜೊತೆಗಿರುತ್ತದೆ. ಒಂದೇ ರೈಲಿಗೆ ಜರ್ಮನ್ ರೈಲ್ವೆಯ ಆ್ಯಪ್‌ನಲ್ಲಿ ಒಂದು ದರ, ಜೆಕ್ ರೈಲ್ವೆಯ ಜಾಲತಾಣದಲ್ಲಿ ಇನ್ನೊಂದು ದರ ಇರುವುದುಂಟು. ಎರಡನ್ನೂ ನೋಡಿ ಕಡಿಮೆಯದ್ದನ್ನು ತೆಗೆಯಿರಿ. ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಹತ್ತು ಗಂಟೆಗೆ ಹೋದರೆ ಕಾಣುವುದು ಜನರ ಬೆನ್ನು. ಬೆಳಗಾಗುವ ಹೊತ್ತಿಗೆ ಹೋಗಿ, 1357ರಲ್ಲಿ ಅಡಿಪಾಯ ಹಾಕಿದ ಆ ಸೇತುವೆಯ ಮೇಲೆ ನೀವು ಮತ್ತು ಕೆಲವು ಫೋಟೋಗ್ರಾಫರ್‌ಗಳಷ್ಟೇ ಇರುತ್ತೀರಿ. ಏಪ್ರಿಲ್ ಆದರೆ ಪೆಟ್ರಿನ್ ಗುಡ್ಡದ ಹಣ್ಣಿನ ತೋಟಗಳು ಹೂಬಿಟ್ಟಿರುತ್ತವೆ.

ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು 4 ಗಂಟೆ, ದಾರಿಯಲ್ಲಿ ಬ್ರನೋ ಬರುತ್ತದೆ. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಮಠ ಇರುವ ಊರು. ಜೀವಶಾಸ್ತ್ರ, ಬಯೋಟೆಕ್ ಓದುವವರು ಅರ್ಧ ದಿನ ಇಳಿದು ನೋಡಲೇಬೇಕು. ಅಂಥ ಯೋಜನೆ ಇದ್ದರೆ ಟಿಕೆಟ್ಟನ್ನು ಎರಡು ತುಂಡಾಗಿ ತೆಗೆಯಿರಿ, ರಿಯಾಯಿತಿ ಟಿಕೆಟ್ ನಿಮ್ಮನ್ನು ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಜಾಗಗಳು ನಾನೂರಕ್ಕೂ ಹೆಚ್ಚಿವೆ, ವಿದ್ಯಾರ್ಥಿಯ ಕೈಗೆಟಕುವ ದರದಲ್ಲಿ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಷೋನ್‌ಬ್ರುನ್ ಅರಮನೆಯ ಮುಂದೆ ಬಣ್ಣದ ಮೊಟ್ಟೆಗಳ ಸಂತೆ ನಡೆಯುತ್ತದೆ. ಅಲ್ಲಿಂದ ಸಾಲ್ಜ್‌ಬರ್ಗ್ ಎರಡೂವರೆ ಗಂಟೆ. ಸರ್ಕಾರಿ ಓಬಿಬಿ ಮತ್ತು ಖಾಸಗಿ ವೆಸ್ಟ್‌ಬಾನ್ ಎರಡೂ ಓಡುತ್ತವೆ.

ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅದರ ಮುಖ್ಯ ನಿಲ್ದಾಣದವರೆಗೆ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಹಾಗಾಗಿ ಅಲ್ಲಿಂದ ಮ್ಯೂನಿಕ್‌ಗೆ ಪ್ರಾದೇಶಿಕ ರೈಲಿನಲ್ಲಿ ಹೊಸ ಖರ್ಚಿಲ್ಲದೆ ಬರುತ್ತೀರಿ. ಮ್ಯೂನಿಕ್‌ನಿಂದ ಹೋಫ್ ಮಾರ್ಗವಾಗಿ ಡ್ರೆಸ್ಡೆನ್‌ಗೂ ಅದೇ ಟಿಕೆಟ್ಟಿನಲ್ಲಿ ಮರಳಬಹುದು, ದಿನ ಪೂರ್ತಿ ಹೋಗುತ್ತದೆ.

ಇಂಟರ್‌ರೇಲ್ ಎಂಬ, ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಪಾಸ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಭಾರತೀಯರು ಯುರೇಲ್ ಎಂಬ ಅಂಥದೇ ಪಾಸ್ ತೆಗೆಯಬೇಕು ಎಂಬ ಮಾತು ಯುರೋಪಿನಲ್ಲಿ ವಾಸವಿಲ್ಲದವರಿಗೆ ಅನ್ವಯ. ನಿಮ್ಮ ಬಳಿ ಜರ್ಮನಿಯ ಕಾರ್ಡು ಇರುವುದರಿಂದ ನಿಮಗೆ ಇಂಟರ್‌ರೇಲ್, 27 ವರ್ಷದವರೆಗೆ ಯುವ ದರ. ವಾಸದ ದೇಶದೊಳಗೆ ಅದು ಒಂದು ಸಲ ಹೊರಹೋಗಲು, ಒಂದು ಸಲ ಒಳಬರಲು ಮಾತ್ರ ನಡೆಯುತ್ತದೆ. ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ, ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕಟ್ಟಬೇಕು. ಮೇಲಿನ ಸುತ್ತಿಗಂತೂ ಮುಂಚೆ ತೆಗೆದ ರಿಯಾಯಿತಿ ಟಿಕೆಟ್ಟುಗಳೇ ಲಾಭ. ದೂರದೂರದ ಊರುಗಳಿಗೆ ಹೋಗುವ, ದಿನ ನಿಶ್ಚಯವಿಲ್ಲದ ಪ್ರವಾಸಕ್ಕೆ ಪಾಸ್ ತೆಗೆಯಿರಿ.

ಟ್ಯೂಲಿಪ್ ನೋಡುವ ಆಸೆಯಿದ್ದರೆ ಇದು ಬೇರೆಯೇ ದಾರಿ. ನೆದರ್‌ಲೆಂಡ್ಸ್‌ನ ಲಿಸ್ಸೆಯಲ್ಲಿರುವ ಕೋಯ್ಕನ್‌ಹೋಫ್ ತೋಟ ತೆರೆದಿರುವುದು ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ ಮಾತ್ರ. ಮಾರ್ಚ್‌ನಲ್ಲಿ ಹೊರಗಿನ ಹೂವು ಕಡಿಮೆ, ಏಪ್ರಿಲ್ ಎರಡನೇ ವಾರದ ನಂತರ ತೋಟ ತುಂಬುತ್ತದೆ.

ಹೆಜ್ಜೆ 5: ವಿಮೆ

ಟಿಕೆ, ಎಒಕೆಯಂಥ ಸಾರ್ವಜನಿಕ ಆರೋಗ್ಯ ವಿಮೆ ಇದ್ದರೆ ನಿಮ್ಮ ವಿಮಾ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ವಿಮಾ ಕಾರ್ಡು. ಪ್ರಾಗ್‌ನಲ್ಲೋ ವಿಯೆನ್ನಾದಲ್ಲೋ ತುರ್ತು ಚಿಕಿತ್ಸೆ ಬೇಕಾದರೆ ಸರ್ಕಾರಿ ವ್ಯವಸ್ಥೆಯ ವೈದ್ಯರಲ್ಲಿ ಅದು ನಡೆಯುತ್ತದೆ. ಆದರೆ ಒಕ್ಕೂಟದ ಪ್ರಜೆಗಳಲ್ಲದವರಿಗೆ ಡೆನ್ಮಾರ್ಕ್, ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್‌ನಲ್ಲಿ ಆ ಕಾರ್ಡು ನಡೆಯುವುದಿಲ್ಲ. ಇದನ್ನು ಜರ್ಮನ್ ಗೆಳೆಯರು ಹೇಳಲಾರರು, ಅವರಿಗೆ ಈ ಅಡ್ಡಿ ಇಲ್ಲ. ಸ್ವಿಸ್ ಬೆಟ್ಟದಲ್ಲಿ ಕಾಲು ಮುರಿದರೆ ಬರುವ ಬಿಲ್ಲನ್ನು ಯಾವ ವಿದ್ಯಾರ್ಥಿಯೂ ಭರಿಸಲಾಗದು. ವಿದೇಶ ಪ್ರವಾಸದ ಆರೋಗ್ಯ ವಿಮೆ ವರ್ಷಕ್ಕೆ ಹತ್ತಿಪ್ಪತ್ತು ಯೂರೋಗೆ ಸಿಗುತ್ತದೆ. ಒಂದು ಪಿಜ್ಜಾ ಬಿಟ್ಟು ಅದನ್ನು ಮಾಡಿಸಿ, ಬೆಟ್ಟದ ರಕ್ಷಣಾ ಕಾರ್ಯ ಸೇರಿದೆಯೇ ಎಂದು ಓದಿಕೊಳ್ಳಿ. ತುರ್ತು ಕರೆ ಒಕ್ಕೂಟದ ಎಲ್ಲ ಕಡೆ 112.

ಹೆಜ್ಜೆ 6: ರಿಯಾಯಿತಿ ಕೇಳಲು ಸಂಕೋಚ ಬೇಡ

ಪ್ಯಾರಿಸ್ ಆರಿಸಿಕೊಂಡವರು ಕೇಳಿ: 26 ವರ್ಷದೊಳಗಿದ್ದು, ಜರ್ಮನಿಯೂ ಸೇರಿದ ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸವಿರುವವರಿಗೆ ಲೂವ್ರ್ ಮ್ಯೂಸಿಯಂ ಪುಕ್ಕಟೆ. ನಿಮ್ಮ ಪಾಸ್‌ಪೋರ್ಟ್ ಭಾರತದ್ದಾದರೂ ಪರವಾಗಿಲ್ಲ, ವಾಸದ ಕಾರ್ಡು ತೋರಿಸಿದರೆ ಸಾಕು. ವರ್ಸೇಲ್ಸ್ ಅರಮನೆಗೂ ಇಂಥದೇ ನಿಯಮವಿದೆ. ಪುಕ್ಕಟೆಯಾದರೂ ಲೂವ್ರ್‌ಗೆ ಸಮಯ ಕಾಯ್ದಿರಿಸಿ ಹೋಗಿ, ಮಂಗಳವಾರ ಅದು ಮುಚ್ಚಿರುತ್ತದೆ. ಇಟಲಿಯಲ್ಲಿ ಲೆಕ್ಕ ಬೇರೆ. ಅಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25ರವರ 2 ಯೂರೋ ಟಿಕೆಟ್ ಒಕ್ಕೂಟದ ಪ್ರಜೆಗಳಿಗೆ, ಒಕ್ಕೂಟದಲ್ಲಿ ವಾಸವಿದ್ದೀರಿ ಎಂಬ ಒಂದೇ ಕಾರಣಕ್ಕೆ ಸಿಗುವುದಿಲ್ಲ. ಅದಕ್ಕೆ ಪರಿಹಾರವೂ ಇದೆ: ತಿಂಗಳ ಮೊದಲ ಭಾನುವಾರ ಅವು ಎಲ್ಲರಿಗೂ ಉಚಿತ.

ಹೆಜ್ಜೆ 7: ಹಾಸಿಗೆ, ಊಟ, ದುಡ್ಡು

2024ರ ಸೆಪ್ಟೆಂಬರ್‌ನಿಂದ ವೀಸಾಕ್ಕಾಗಿ ಮುಂಚೆಯೇ ಹಣ ಇಟ್ಟು ತಿಂಗಳಿಗೆ ಇಷ್ಟೆಂದು ತೆಗೆಯುವ ಬ್ಲಾಕ್ಡ್ ಅಕೌಂಟಿನ ಲೆಕ್ಕ ತಿಂಗಳಿಗೆ 992 ಯೂರೋ. ಬಾಡಿಗೆ, ವಿಮೆ ಕಳೆದು ಉಳಿಯುವುದರಲ್ಲಿ ಪ್ರವಾಸ ಮಾಡುವವರು ಅಡುಗೆಮನೆ ಇರುವ ಹಾಸ್ಟೆಲನ್ನೇ ಹುಡುಕಬೇಕು. ಮೊದಲು ಅಡುಗೆಮನೆ, ಎರಡನೆಯದು ನಿಲ್ದಾಣದಿಂದ ನಡೆಯುವ ದೂರ, ಆಮೇಲೆ ಉಳಿದದ್ದು. ಲಾಕರಿಗೆ ಸ್ವಂತ ಬೀಗ ಒಯ್ಯಿರಿ.

ಚೀಲದಲ್ಲಿ ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಪೊಟ್ಟಣ ಇರಲಿ. ಹಾಸ್ಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಡಬ್ಬಿಯಲ್ಲಿ ಅವಲಕ್ಕಿಗೆ ಹಾಕಿ ಐದು ನಿಮಿಷ ಮುಚ್ಚಿಟ್ಟು, ಗೊಜ್ಜು ಕಲಸಿ ಮೇಲೆ ಶೇಂಗಾ ಉದುರಿಸಿದರೆ ಬೆಳಗಿನ ತಿಂಡಿ ಆಯಿತು. ಮಧ್ಯಾಹ್ನ ಒಂದು ಊಟವನ್ನು ಆ ಊರಿನದೇ ತಿನ್ನಿ, ಅದನ್ನು ತಪ್ಪಿಸಿಕೊಳ್ಳಬೇಡಿ. ಸಸ್ಯಾಹಾರಿಗಳು ಸೂಪಿನ ನೀರು ಮಾಂಸದ್ದೇ ಎಂದು ಕೇಳಿ, ತರಕಾರಿ ಸೂಪು ಎಂದು ಬರೆದಿದ್ದರೂ ಕೇಳಿ. ಪಾರ್ಮೆಸಾನ್ ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಇರುತ್ತದೆ. ನೀರಿಗೆ ದುಡ್ಡು ಕೊಡಬೇಡಿ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆಗಳ ನೀರು, ಬಾಟಲಿ ತುಂಬಿಸಿಕೊಳ್ಳಿ.

ಜೆಕ್ ದೇಶದಲ್ಲಿ ಕೊರುನಾ ನಡೆಯುತ್ತದೆ, ಹಂಗೇರಿಯಲ್ಲಿ ಫೋರಿಂಟ್, ಪೋಲೆಂಡಿನಲ್ಲಿ ಜ್ಲೋಟಿ. ಕಾರ್ಡು ಹಾಕಿದಾಗ ಯಂತ್ರ ಯೂರೋದಲ್ಲಿ ಕೊಡುತ್ತೀರಾ ಎಂದು ಕೇಳುತ್ತದೆ. ಯಾವಾಗಲೂ ಆ ದೇಶದ ನಾಣ್ಯವನ್ನೇ ಒತ್ತಿ, ಇಲ್ಲದಿದ್ದರೆ ಕೆಟ್ಟ ವಿನಿಮಯ ದರ ನಿಮ್ಮ ತಲೆಗೆ. ಪ್ರಾಗ್‌ನಲ್ಲಿ ನಗದು ಬದಲಾಯಿಸಿ ಮೋಸ ಅನ್ನಿಸಿದರೆ, 2019ರ ಕಾನೂನಿನ ಪ್ರಕಾರ 3 ಗಂಟೆಯೊಳಗೆ ರಸೀದಿ ಹಿಡಿದು ಹೋಗಿ ವ್ಯವಹಾರ ರದ್ದು ಮಾಡಿಸಬಹುದು. ಫೋನಿನ ರೋಮಿಂಗ್ ಒಕ್ಕೂಟದಲ್ಲಿ ಊರಿನ ದರಕ್ಕೇ ನಡೆಯುತ್ತದೆ, ಸ್ವಿಟ್ಜರ್‌ಲೆಂಡ್ ಅದರಲ್ಲಿ ಇಲ್ಲ. ಬಾಸೆಲ್ ಕಡೆಗೋ ಕಾನ್‌ಸ್ಟನ್ಸ್ ಸರೋವರದ ಕಡೆಗೋ ಹೋದರೆ ಡೇಟಾ ಆಫ್ ಮಾಡಿ, ಗಡಿಯ ಈಚೆ ನಿಂತರೂ ಆಚೆಯ ಸಿಗ್ನಲ್ ಹಿಡಿಯುತ್ತದೆ.

ಹೆಜ್ಜೆ 8: ಮರಳಿ ಬರುವ ರೈಲಿನಲ್ಲಿ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ

ಶೆಂಗೆನ್ ಎಂದರೆ ತಪಾಸಣೆಯೇ ಇಲ್ಲ ಎಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ಶುರು ಮಾಡಿ, ಮತ್ತೆ ಮತ್ತೆ ಮುಂದುವರಿಸಿದೆ. ಸಾಲ್ಜ್‌ಬರ್ಗ್ ಬಿಟ್ಟ ರೈಲು ಗಡಿಯಾಚೆ ಫ್ರೈಲಾಸಿಂಗ್‌ನಲ್ಲಿ ನಿಂತಾಗ ಫೆಡರಲ್ ಪೊಲೀಸರು ಹತ್ತಿ ಒಂದೊಂದೇ ಸಾಲು ನೋಡಿಕೊಂಡು ಬರುತ್ತಾರೆ. ಪಾಸ್‌ಪೋರ್ಟಿನೊಳಗೆ ಕಾರ್ಡು ಇಟ್ಟು ಒಟ್ಟಿಗೆ ಕೊಡಿ, ನೋಡಿ ವಾಪಸು ಕೊಟ್ಟು ಮುಂದೆ ಹೋಗುತ್ತಾರೆ. ಫೋನಿನಲ್ಲಿರುವ ಫೋಟೋ ಇದಕ್ಕೆ ನಡೆಯುವುದಿಲ್ಲ, ಮೂಲವೇ ಬೇಕು. ಕಾರ್ಡನ್ನು ಜೋಪಾನವಾಗಿರಲಿ ಎಂದು ಕೋಣೆಯಲ್ಲಿ ಬಿಟ್ಟು ಬರಬೇಡಿ. ಪ್ರತಿಗಳು ಬೇರೆ ಚೀಲದಲ್ಲೂ ಇಮೇಲಿನಲ್ಲೂ ಇರಲಿ. ಏನಾದರೂ ಕಳೆದರೆ ಮೊದಲು ಅಲ್ಲಿನ ಪೊಲೀಸರಿಂದ ದೂರಿನ ಪತ್ರ, ಆಮೇಲೆ ಆ ದೇಶದ ಭಾರತೀಯ ರಾಯಭಾರ ಕಚೇರಿ.

ಜರ್ಮನ್ ರೈಲು ತಡವಾಗುವುದು ಸಾಮಾನ್ಯ. ಮುಟ್ಟಬೇಕಾದ ಊರಿಗೆ 20 ನಿಮಿಷಕ್ಕಿಂತ ಹೆಚ್ಚು ತಡ ಆಗುವಂತಿದ್ದರೆ ರಿಯಾಯಿತಿ ಟಿಕೆಟ್ಟಿನ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. 60 ನಿಮಿಷ ತಡವಾದರೆ ಟಿಕೆಟ್ಟಿನ 25 ಪರ್ಸೆಂಟ್, 120 ನಿಮಿಷವಾದರೆ 50 ಪರ್ಸೆಂಟ್ ವಾಪಸು ಕೇಳುವ ಹಕ್ಕು ನಿಮ್ಮದು. ಅರ್ಜಿಯನ್ನು ಆ್ಯಪ್‌ನಲ್ಲೇ ತುಂಬಬಹುದು. ಮನೆಗೆ ಬಂದ ವಾರದಲ್ಲೇ ತುಂಬಿ ಕಳಿಸಿ.